ಊರಿನ ಹೆಸರು ನೋಡಿದಿರಾ?

ಹಳೆಯ ಕ್ಲಾರಿನೆಟ್ ಮೌತ್‌ಪೀಸ್ ಕೈಗೆ ಬಂದರೆ ಎಲ್ಲರೂ ಅದರ ಮೇಲೆ ಒತ್ತಿದ ಹೆಸರನ್ನು ಹುಡುಕುತ್ತಾರೆ. ಬಲ್ಲವರು ಮೊದಲು ಅಂಗೈಯಲ್ಲಿ ಬಿಸಿಯಾಗುವಷ್ಟು ಉಜ್ಜಿ ಮೂಸಿ ನೋಡುತ್ತಾರೆ. ಗಂಧಕದ ಘಾಟು ಬಂತೋ, ಅದು ಎಬೊನೈಟ್. ರಬ್ಬರಿಗೆ ಗಂಧಕ ಧಾರಾಳವಾಗಿ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ ವಸ್ತು. ಬಿಸಿಲು ತಿಂದ ಎಬೊನೈಟ್ ಕಪ್ಪು ಬಿಟ್ಟು ಪಾಚಿಯ ಬಣ್ಣಕ್ಕೆ ತಿರುಗುತ್ತದೆ. ಕೊಳೆ ತೆಗೆಯುವ ಉತ್ಸಾಹದಲ್ಲಿ ಬಿಸಿನೀರಿಗೆ ಹಾಕಿದರಂತೂ ಬಣ್ಣವೂ ಹೋಯಿತು, ಆಕಾರವೂ ಹೋಗಬಹುದು.

ಇನ್ನು ಹೆಸರಿನ ಮಾತು. ಅಮೆರಿಕದಲ್ಲಿ ಮೌತ್‌ಪೀಸ್ ತಯಾರಕ ಫ್ರಾಂಕ್ ಕಾಸ್ಪರ್ ಅಂದರೆ ಈಗಲೂ ವಾದಕರ ಕಿವಿ ನಿಮಿರುತ್ತದೆ. 1953ರಿಂದ 1973ರವರೆಗೆ ಕ್ಲೀವ್‌ಲೆಂಡ್ ಆರ್ಕೆಸ್ಟ್ರಾದ ಪ್ರಧಾನ ಕ್ಲಾರಿನೆಟ್ ವಾದಕರಾಗಿದ್ದ ರಾಬರ್ಟ್ ಮಾರ್ಸೆಲಸ್ ನುಡಿಸಿದ್ದು ಕಾಸ್ಪರ್ ಮೌತ್‌ಪೀಸನ್ನೇ. ಆದರೆ ಆ ಹೆಸರಿನವರು ಇಬ್ಬರು! ಹಾಗಾಗಿ ಶಿಕಾಗೋ, ಸಿಸೆರೊ, ಆನ್ ಆರ್ಬರ್ ಎಂದು ಒತ್ತಿರುವ ಊರನ್ನೂ ಓದಬೇಕು. ಕಾಸ್ಪರ್ ಮುದ್ರೆಯ ಎಷ್ಟೋ ಮೌತ್‌ಪೀಸುಗಳ ಕಚ್ಚಾ ತುಂಡು ಬಂದದ್ದು ಫ್ರಾನ್ಸಿನ ಶೆಡ್‌ವಿಲ್ ಮನೆತನದಿಂದ. ಉಜ್ಜಿ ಹದಗೊಳಿಸಿದವರು ಮಾತ್ರ ಕಾಸ್ಪರ್. ಹೆತ್ತವರೊಬ್ಬರು, ಹೆಸರಿಟ್ಟವರೊಬ್ಬರು.

ಹೋಗಲಿ, ಹೆಸರು ಅಸಲಿಯೇ ಎಂದಿಟ್ಟುಕೊಳ್ಳೋಣ. ನಡುವೆ ಯಾರೋ ಅದರ ಮುಖವನ್ನು ಮತ್ತೆ ಉಜ್ಜಿದ್ದರೆ? ಅದನ್ನು ತಿಳಿಯಲು, ಅದುರಿ ಸ್ವರ ಹೊರಡಿಸುವ ರೀಡ್ ಕೂರುವ ಸಮತಲದ ಮೇಲೆ ಗೆರೆ ಕೊರೆದ ಗಾಜಿನ ಪಟ್ಟಿ ಇಟ್ಟು, ತುದಿಯ ಕಡೆಯಿಂದ ಒಂದು ಇಂಚಿನ ಸಾವಿರದಲ್ಲಿ ಒಂದೂವರೆ ಭಾಗದಷ್ಟು ತೆಳುವಾದ ಉಕ್ಕಿನ ತಗಡನ್ನು ಮೆಲ್ಲಗೆ ತೂರಿಸುತ್ತಾರೆ. ಗೆರೆಗೆ ಅರ್ಧ ಮಿಲಿಮೀಟರ್ ಲೆಕ್ಕದಲ್ಲಿ, ಅದು 34ನೇ ಗೆರೆಗೆ ನಿಂತರೆ ಮುಖದ ಬಾಗು ಶುರುವಾಗುವುದು ತುದಿಯಿಂದ 17 ಮಿಲಿಮೀಟರ್ ದೂರದಲ್ಲಿ ಎಂದರ್ಥ. ಎಡಬಲ ಎರಡೂ ಅಂಚಿನಲ್ಲಿ ತಗಡು ಒಂದೇ ಗೆರೆಗೆ ನಿಲ್ಲಬೇಕು. ತುದಿಗೂ ರೀಡಿಗೂ ನಡುವಿನ ಸಂದು ಸಾಮಾನ್ಯವಾಗಿ 1 ಮಿಲಿಮೀಟರಿನ ಆಸುಪಾಸು. ಅದರಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ತುಟಿಗೆ ಗೊತ್ತಾಗುತ್ತದೆ.

ಅಳತೆಪಟ್ಟಿ ಇಲ್ಲದವರಿಗೆ ಇನ್ನೊಂದು ಉಪಾಯವಿದೆ. ರೀಡ್ ಕಟ್ಟಿ, ಕೆಳಗಿನ ತೂತನ್ನು ಅಂಗೈಯಿಂದ ಮುಚ್ಚಿ, ಬಾಯಿಂದ ಗಾಳಿಯನ್ನು ಜಗ್ಗಿ ಬಿಡಿ. ರೀಡ್ ಅರೆಕ್ಷಣ ಅಂಟಿ ನಿಂತು ‘ಟಪ್’ ಎಂದು ಬಿಟ್ಟರೆ ಅಂಚುಗಳೂ ರೀಡೂ ಸರಿಯಾಗಿ ಕೂತಿವೆ. ತಕ್ಷಣ ಗಾಳಿ ಸೋರಿದರೆ ಮೌತ್‌ಪೀಸನ್ನು ಬೈಯುವ ಮೊದಲು ಬೇರೆ ರೀಡ್ ಹಾಕಿ ನೋಡಿ. ತಪ್ಪು ರೀಡಿನದ್ದೂ ಇರಬಹುದು.

ನುಡಿಸುವಾಗ ದಿನವೂ ಬಳಸುವ ಗಡಸು ರೀಡನ್ನೇ ಹೇರಬೇಡಿ. ಸಂದು ಅಗಲವಿದ್ದರೆ ಮೆದು ರೀಡ್, ಕಿರಿದಿದ್ದರೆ ಗಡಸು. ಉಜ್ಜಿ ಗಿಡ್ಡವಾದ ಮೌತ್‌ಪೀಸಿನ ಶ್ರುತಿ ಏರಿರುತ್ತದೆ. ಕೆಳಗಿನ ಬ್ಯಾರೆಲ್ಲನ್ನು ಸ್ವಲ್ಪ ಎಳೆದು ಸರಿದೂಗಿಸಬೇಕು. ಮೇಲ್ಭಾಗದಲ್ಲಿ ಯಾರದೋ ಹಲ್ಲು ಕೂತ ಹಳ್ಳ ಇದ್ದೇ ಇರುತ್ತದೆ. ಅದರ ಮೇಲೆ ರಬ್ಬರಿನ ತೆಳು ತುಂಡು ಅಂಟಿಸಿ, ನಿಮ್ಮ ಹಲ್ಲು ಊರಿ, ಊದಿ ನೋಡಿ.