ರಾತ್ರಿ ನಿಂತ ಟ್ರೇಲರಿನ ಮೆಕ್ಕೆಜೋಳ: ಸುರಿಯುವಾಗ ಎಚ್ಚರ



ಮೆಕ್ಕೆಜೋಳ ಒಕ್ಕಿ, ಬಿಡಿಕಾಳನ್ನೇ ಎತ್ತುವ ಟ್ರೇಲರಿಗೆ ತುಂಬಿ ಕಣಕ್ಕೆ ಒಯ್ಯುವವರು ನಮ್ಮ ಹದಡಿ ಕಡೆ ಇದ್ದಾರೆ. ಕತ್ತಲಾಯಿತೆಂದು ತುಂಬಿದ ಟ್ರೇಲರನ್ನು ಹಾಗೇ ನಿಲ್ಲಿಸಿ, ಬೆಳಿಗ್ಗೆ ಸುರಿಯಲು ಹೋದರೆ ಕಾಳು ಹಟ ಹಿಡಿಯುತ್ತದೆ. ಸಂಜೆ ಜಾರುವಷ್ಟೇ ಎತ್ತಿದರೆ ಕದಲುವುದಿಲ್ಲ. ಇನ್ನಷ್ಟು ಎತ್ತಿದರೆ ಒಮ್ಮೆಲೇ ಬರುತ್ತದೆ.

‘ತೇವಕ್ಕೆ ಅಂಟಿದೆ’ ಎನ್ನುತ್ತೀರಿ. ನಿಜವೇ, ಆದರೆ ಪೂರ್ತಿ ಅಲ್ಲ. ಒಂದಕ್ಕೊಂದು ತಾಗಿ ಕೂತ ವಸ್ತುಗಳನ್ನು ಜಾರದಂತೆ ಹಿಡಿಯುವ ಬಲಕ್ಕೆ ಸ್ಥಾಯಿ ಘರ್ಷಣೆ ಎಂದು ಹೆಸರು. ನುಣುಪಾದ ಕಾಳಿಗೂ ಕಣ್ಣಿಗೆ ಕಾಣದ ಉಬ್ಬುತಗ್ಗುಗಳಿವೆ. ಉಬ್ಬಿನ ತುದಿಗಳು ಮಾತ್ರ ಪರಸ್ಪರ ಮುಟ್ಟುತ್ತವೆ. ಭಾರ ಹೊತ್ತು ಕೂತಂತೆಲ್ಲ ಅವು ಚಪ್ಪಟೆಯಾಗಿ, ಮುಟ್ಟುವ ಜಾಗ ಹೆಚ್ಚುತ್ತದೆ. ಮೊದಮೊದಲು ಬೇಗ, ಆಮೇಲೆ ನಿಧಾನ. ಫ್ರಾನ್ಸಿನ ಕುಲಂಬ್ ಎಂಬ ಎಂಜಿನಿಯರು ಓಕ್ ಮರದ ತುಂಡುಗಳನ್ನು ಬೇರೆ ಬೇರೆ ಹೊತ್ತು ಒಂದರ ಮೇಲೊಂದಿಟ್ಟು ಎಳೆದು, ಹೆಚ್ಚು ಹೊತ್ತು ಕೂತದ್ದಕ್ಕೆ ಹೆಚ್ಚು ಬಲ ಬೇಕೆಂದು ಕಂಡುಕೊಂಡ. ಆ ಪ್ರಬಂಧ ಅಚ್ಚಾದದ್ದು 1785ರಲ್ಲಿ!

ತೇವದ ಪಾಲೂ ಇದೆ. 1998ರಲ್ಲಿ ಪ್ರಕಟವಾದ ಫ್ರಾನ್ಸಿನದೇ ಪ್ರಯೋಗದಲ್ಲಿ ಸಣ್ಣ ಗಾಜಿನ ಮಣಿಗಳ ರಾಶಿ ಹೆಚ್ಚು ಹೊತ್ತು ಕೂತಷ್ಟೂ, ಹವೆ ತೇವವಾದಷ್ಟೂ, ಜಾರಲು ಹೆಚ್ಚು ಇಳಿಜಾರು ಬೇಕಾಯಿತು. ಮಣಿಗಳ ಸಂದಿಯಲ್ಲಿ ಕೂಡುವ ನೀರಿನ ಸೂಕ್ಷ್ಮ ಹನಿಗಳೇ ಕಾರಣ. ತೀರ ಒಣ ಹವೆಯಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ನಮ್ಮ ಮೆಕ್ಕೆಜೋಳ ಕೈಗೆ ಬರುವುದು ಮಳೆ ಪೂರಾ ಹಿಂದೆಗೆಯುವ ಮೊದಲೇ ಅಲ್ಲವೇ?

ಅಪಾಯ ಇರುವುದು ಮುಂದೆ. ಒಮ್ಮೆ ಜಾರತೊಡಗಿದ ಮೇಲೆ ಹಿಡಿತ ಕಡಿಮೆಯಾಗುತ್ತದೆ; ನಡುವೆ ನಿಲ್ಲುವ ಮಾತಿಲ್ಲ. ಕೆಲವು ವರ್ಷಗಳ ಹಿಂದೆ ಹೀಗೆ ಕಚ್ಚಿಕೊಂಡ ಕಾಳನ್ನು ಹಿಂದೆ ನಿಂತು ಸಲಿಕೆಯಿಂದ ಕೆದಕಲು ಹೋದವನು ನಾನೇ. ‘ಸಾಹೇಬ್ರೇ, ಈಚೆ ಬರ್ರಿ’ ಎಂದು ಹಿರಿಯರೊಬ್ಬರು ರಟ್ಟೆ ಹಿಡಿದು ಎಳೆದರು. ಆದರೂ ಮೊಣಕಾಲವರೆಗೆ ಹೂತುಹೋದೆ. ಕೃಷಿ ಪದವಿ ಓದಿದವನ ಬುದ್ಧಿ ಇದು!

ಆದ್ದರಿಂದ ತುಂಬಿದ ದಿನವೇ ಸುರಿಯಿರಿ. ನಿಲ್ಲಿಸಲೇಬೇಕಾದರೆ ಇಬ್ಬನಿ ತಾಗದಂತೆ ತಾಡಪಾಲು ಹೊದಿಸಿ. ಹಸಿಕಾಳಾದರೆ ತಾಡಪಾಲಿನಡಿ ಬೆವರಿ ಬೂಷ್ಟು ಹಿಡಿದೀತು, ಅದನ್ನಂತೂ ನಿಲ್ಲಿಸಲೇಬೇಡಿ. ಬೆಳಿಗ್ಗೆ ಸಮತಟ್ಟಾದ ಜಾಗದಲ್ಲಿ ಸುರಿಯಿರಿ. ಕಾಳು ಕದಲದಿದ್ದರೆ ಇನ್ನೂ ಎತ್ತಬೇಡಿ. ಭಾರ ಮೇಲಿದ್ದಾಗ ಟ್ರೇಲರೇ ಮಗುಚಬಹುದು. ಪೂರ್ತಿ ಕೆಳಗಿಳಿಸಿ, ಪಕ್ಕದಲ್ಲಿ ನಿಂತು ಉದ್ದನೆಯ ಗಳದಿಂದ ಕಾಳನ್ನು ಸಡಿಲಿಸಿ, ಆಮೇಲೆ ಎತ್ತಿ. ಎತ್ತುವ ಮುನ್ನ ಟ್ರೇಲರಿನ ಹಿಂದೆ ಮಕ್ಕಳಿಲ್ಲವೆಂದು ಇಳಿದು ನೋಡಿಕೊಳ್ಳಿ.