ಪ್ರಬಂಧಕ್ಕೂ ಬೇಕು ಒಂದು ಸರ್ವೆ ನಂಬರು

ಪಿಎಚ್.ಡಿ. ವಿದ್ಯಾರ್ಥಿಗಳು ಗ್ರಂಥಾಲಯಕ್ಕೆ ತರುವ ಆಕರಸೂಚಿಗಳನ್ನು ನಾನು ಸಾಲುಸಾಲಾಗಿ ನೋಡುತ್ತೇನೆ. ಅವುಗಳಲ್ಲಿನ ಎಷ್ಟೋ ಜಾಲಕೊಂಡಿಗಳು ತೆರೆಯುವುದೇ ಇಲ್ಲ. ಪತ್ರಿಕೆಯ ಜಾಲತಾಣ ಬದಲಾಗಿರುತ್ತದೆ, ಇಲ್ಲವೇ ಯಾವುದೋ ವಿಭಾಗದ ಸರ್ವರ್ ನಿಂತುಹೋಗಿರುತ್ತದೆ. ವರ್ಷಗಟ್ಟಲೆ ದುಡಿದು ಬರೆದ ಲೇಖನ ಹೀಗೆ ಕಣ್ಮರೆಯಾದಾಗ ಹೊಟ್ಟೆ ಉರಿಯುತ್ತದೆ.

ಇದಕ್ಕೆ ಇರುವ ಪರಿಹಾರ ಡಿಒಐ ಎಂಬ ಕಾಯಂ ಗುರುತು. 10ರಿಂದ ಶುರುವಾಗುವ ಈ ಗುರುತನ್ನು ಲೇಖನಗಳ ಮೊದಲ ಪುಟದಲ್ಲಿ ನೀವು ನೋಡಿರಬಹುದು. ಹೊಲ ಯಾರ ಕೈಗೆ ಹೋದರೂ ಸರ್ವೆ ನಂಬರು ಉಳಿಯುವಂತೆ, ಲೇಖನ ಯಾವ ಜಾಲತಾಣಕ್ಕೆ ಹೋದರೂ ಡಿಒಐ ಉಳಿಯುತ್ತದೆ. ಆದರೆ ಪಹಣಿ ತಿದ್ದಿಸುವ ಕೆಲಸ ಇಲ್ಲೂ ಇದೆ. ತಾಣ ಬದಲಾದಾಗ ಪ್ರಕಾಶಕರು ಹೊಸ ವಿಳಾಸವನ್ನು ನೋಂದಾಯಿಸಲೇಬೇಕು. ಮರೆತರೆ ಡಿಒಐ ಒತ್ತಿದವರಿಗೂ ಸಿಗುವುದು ಖಾಲಿ ಪುಟವೇ.

ಆ ನೋಂದಣಿ ಪುಸ್ತಕ ಯಾರ ಕೈಯಲ್ಲಿದೆ ಎಂಬುದು ದೊಡ್ಡ ಪ್ರಶ್ನೆ. ಲೇಖನಗಳಿಗೆ 2000ದಲ್ಲಿ ಹುಟ್ಟಿದ ಕ್ರಾಸ್‌ರೆಫ್, ದತ್ತಾಂಶಕ್ಕೆ 2009ರಲ್ಲಿ ಬಂದ ಡೇಟಾಸೈಟ್, ಎರಡೂ ಲಾಭದಾಸೆಯಿಲ್ಲದ ಸದಸ್ಯ ಸಂಸ್ಥೆಗಳು. ಅವುಗಳಲ್ಲಿ ನೋಂದಾದ ವಿವರಗಳನ್ನು ಯಾರು ಬೇಕಾದರೂ ಹುಡುಕಬಹುದು. ಇಂಥ ಸಂಸ್ಥೆಗಳಿಗಾಗಿ 2015ರಲ್ಲಿ ಕೆಲವು ತತ್ವಗಳನ್ನೂ ಬರೆದಿಡಲಾಯಿತು. ಅವುಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು: ಸಂಸ್ಥೆ ದಾರಿ ತಪ್ಪಿದರೆ ಅದರ ತಂತ್ರಾಂಶ, ಮಾಹಿತಿಗಳನ್ನು ಬೇರೆಯವರು ಎತ್ತಿಕೊಂಡು ಕೆಲಸ ಮುಂದುವರಿಸಲು ಆಗುವಂತಿರಬೇಕು.

ಬರೆದವರ ಹೆಸರಿನದು ಇನ್ನೊಂದು ಗೋಜಲು. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಮೊದಲಕ್ಷರವಾಗಿ ಒಮ್ಮೆ ಮುಂದೆ, ಒಮ್ಮೆ ಹಿಂದೆ ಬರುತ್ತವೆ. ಕೆ. ಮಂಜುನಾಥ, ಮಂಜುನಾಥ ಕೆ. ಇಬ್ಬರೋ ಒಬ್ಬರೋ ಯಂತ್ರಕ್ಕೆ ತಿಳಿಯದು. ಮದುವೆಯ ನಂತರ ಹೆಸರು ಬದಲಿಸಿದ ಹೆಣ್ಣುಮಕ್ಕಳ ಹಳೆಯ ಲೇಖನಗಳಂತೂ ಯಾರದೋ ಆಗಿಬಿಡುತ್ತವೆ. 2012ರಲ್ಲಿ ಶುರುವಾದ ಆರ್ಕಿಡ್ ಪ್ರತಿ ಸಂಶೋಧಕರಿಗೂ 16 ಸ್ಥಾನಗಳ ಸಂಖ್ಯೆ ಕೊಡುತ್ತದೆ. ಕೊನೆಯದನ್ನು ಹಿಂದಿನ 15ರಿಂದ ಲೆಕ್ಕ ಹಾಕಿರುವುದರಿಂದ ಬರೆಯುವಾಗ ಒಂದಂಕಿ ತಪ್ಪಿದರೂ ಗೊತ್ತಾಗುತ್ತದೆ. ಇದು ಪೂರಾ ಉಚಿತ. ಮಾಡಿಸಿಕೊಡುತ್ತೇವೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಇನ್ನು ಪಿಎಚ್.ಡಿ. ಪ್ರಬಂಧಗಳ ಭಂಡಾರವಾದ ಶೋಧಗಂಗಾದಲ್ಲಿರುವ ಪ್ರಬಂಧಗಳಿಗೆ 10603ರಿಂದ ಶುರುವಾಗುವ ಹ್ಯಾಂಡಲ್ ಎಂಬ ಗುರುತಿದೆ. ಡಿಒಐ ನಿಂತಿರುವುದೂ ಅದೇ ತಂತ್ರದ ಮೇಲೆ. ಆಕರಸೂಚಿಯಲ್ಲಿ ಕೊಡಬೇಕಾದ್ದು ಆ ಗುರುತನ್ನೇ ಹೊರತು ಬ್ರೌಸರ್‌ನ ಮೇಲ್ಪಟ್ಟಿಯಲ್ಲಿ ಕಂಡ ಉದ್ದನೆಯ ಸಾಲನ್ನಲ್ಲ.

ಚಂದಾದಾರರ ಹಣದಲ್ಲಿ ಹೇಗೋ ನಡೆಯುವ ಕನ್ನಡದ ಸಂಶೋಧನಾ ಪತ್ರಿಕೆಗಳಿಗೆ ಡಿಒಐಗೆ ಬೇಕಾದ ಕ್ರಾಸ್‌ರೆಫ್‌ನ ವಾರ್ಷಿಕ ಶುಲ್ಕ ಭಾರವೇ. ಅಂಥವರಿಗೆ ನಾನು ಝೆನೋಡೊ ತೋರಿಸುತ್ತೇನೆ. ಜಿನೀವಾದ ಸರ್ನ್ ಪ್ರಯೋಗಾಲಯ 2013ರಿಂದ ನಡೆಸುತ್ತಿರುವ ಈ ಭಂಡಾರದಲ್ಲಿ ಕನ್ನಡದ ಲೇಖನವನ್ನೂ ಏರಿಸಬಹುದು, ಡಿಒಐ ಪುಕ್ಕಟೆ ಸಿಗುತ್ತದೆ. ಒಂದೇ ಎಚ್ಚರ: ಶೀರ್ಷಿಕೆ, ಸಾರಾಂಶಗಳನ್ನು ಯೂನಿಕೋಡ್‌ನಲ್ಲೇ ತುಂಬಿ. ಹಳೆಯ ನುಡಿ, ಬರಹ ಫಾಂಟುಗಳಿಂದ ನೇರವಾಗಿ ಅಂಟಿಸಿದರೆ ಅಲ್ಲಿ ಮೂಡುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಕನ್ನಡದಲ್ಲಿ ಹುಡುಕುವವರಿಗೆ ನಿಮ್ಮ ಲೇಖನ ಸಿಗುವುದಿಲ್ಲ.