ಫ್ಲಾಪಿಯ ಅಳತೆ ಮತ್ತು ವ್ಯಾಪಾರ ದಾಖಲೆಗಳ ಭದ್ರತೆ

ಗಣಕಯಂತ್ರದಲ್ಲಿ ಲೆಕ್ಕಪತ್ರವಿಡುತ್ತಿದ್ದ ಉದ್ದಿಮೆದಾರರಿಗೆ ಒಂದು ಕಾಲದಲ್ಲಿ ಫ್ಲಾಪಿಯೇ ತಿಜೋರಿಯಾಗಿತ್ತು. 1971ರಲ್ಲಿ ಐ.ಬಿ.ಎಂ. ಸಂಸ್ಥೆಯು 8 ಇಂಚಿನ ಫ್ಲಾಪಿಯನ್ನು ಹೊರತಂದಿತು. 1976ರಲ್ಲಿ ಅಮೆರಿಕದ ಶುಗಾರ್ಟ್ ಅಸೋಸಿಯೇಟ್ಸ್ ಐದೂಕಾಲು ಇಂಚಿನದನ್ನು ಪರಿಚಯಿಸಿತು. 1981ರ ಐ.ಬಿ.ಎಂ. ಪಿ.ಸಿ.ಯು ಇದನ್ನೇ ಬಳಸಿತು.

ನಂತರ ಇನ್ನೂ ಚಿಕ್ಕ ಫ್ಲಾಪಿಗಾಗಿ ಪೈಪೋಟಿ ಏರ್ಪಟ್ಟಿತು. ಸೋನಿ ಮೂರೂವರೆ ಇಂಚಿನದನ್ನೂ, ಹಿಟಾಚಿ, ಮಾತ್ಸುಶಿತಾ ಹಾಗೂ ಮ್ಯಾಕ್ಸೆಲ್ ಸಂಸ್ಥೆಗಳು 3 ಇಂಚಿನದನ್ನೂ ಮುಂದಿಟ್ಟವು. ಎರಡಕ್ಕೂ ಗಟ್ಟಿ ಪ್ಲಾಸ್ಟಿಕ್ ಕವಚವಿತ್ತು. ಆದರೆ ಹ್ಯೂಲೆಟ್-ಪ್ಯಾಕರ್ಡ್ ಹಾಗೂ 1984ರ ಮ್ಯಾಕಿಂತೋಷ್‌ನ ಮೂಲಕ ಆಪಲ್ ಸಂಸ್ಥೆಯು ಸೋನಿಯ ಅಳತೆಯನ್ನು ಒಪ್ಪಿದವು. ಹೆಚ್ಚು ತಯಾರಕರು ಒಪ್ಪಿದ ಅಳತೆಯೇ ಮಾರುಕಟ್ಟೆಯಲ್ಲಿ ನೆಲೆಯೂರಿತು.

ಬ್ರಿಟನ್ನಿನ ಆಮ್‌ಸ್ಟ್ರಾಡ್ ಮಾತ್ರ 3 ಇಂಚಿನದನ್ನು ನೆಚ್ಚಿಕೊಂಡಿತು. 1985ರಲ್ಲಿ ಅದು ಬಿಡುಗಡೆ ಮಾಡಿದ ಪಿ.ಸಿ.ಡಬ್ಲ್ಯು. 8256 ಯಂತ್ರವು ಪರದೆ ಮತ್ತು ಮುದ್ರಕ ಸಹಿತ, ತೆರಿಗೆ ಹೊರತುಪಡಿಸಿ, 399 ಪೌಂಡಿಗೆ ದೊರೆಯುತ್ತಿತ್ತು. ಸಣ್ಣ ವ್ಯಾಪಾರಿಗಳು ಇದನ್ನು ಸಂತೋಷದಿಂದಲೇ ಕೊಂಡರು. ಆದರೆ ಆ ಫ್ಲಾಪಿ ಇತರ ಸಾಮಾನ್ಯ ಗಣಕಗಳಿಗೆ ಹೊಂದುತ್ತಿರಲಿಲ್ಲ; ಅದರಲ್ಲಿನ ಲೋಕೋಸ್ಕ್ರಿಪ್ಟ್ ಕಡತಗಳನ್ನು ಇತರ ತಂತ್ರಾಂಶಗಳು ನೇರವಾಗಿ ಓದುತ್ತಿರಲಿಲ್ಲ. ಹೀಗೆ ದಾಖಲೆಗೆ ಎರಡು ಬೀಗಗಳು ಬಿದ್ದವು. ಯಂತ್ರವನ್ನು ಅಗ್ಗವಾಗಿ ಕೊಂಡವರು ಬದಲಾವಣೆಯ ವೆಚ್ಚವನ್ನು ನಂತರ ತೆರಬೇಕಾಯಿತು.

ಗೆದ್ದ ಅಳತೆಯೂ ಶಾಶ್ವತವಾಗಲಿಲ್ಲ. ಭಾರತದಲ್ಲಿ 2003ರಿಂದ ಜಾರಿಗೆ ಬಂದ ವಿದ್ಯುನ್ಮಾನ ಟಿ.ಡಿ.ಎಸ್. ವಿವರಣಾ ಪಟ್ಟಿಗಳನ್ನು ವರ್ತಕರು ಮೂರೂವರೆ ಇಂಚಿನ ಫ್ಲಾಪಿಯಲ್ಲಿ ಸಲ್ಲಿಸುತ್ತಿದ್ದುದುಂಟು. ಅದಕ್ಕೂ ಮೊದಲೇ, 1998ರಲ್ಲಿ, ಆಪಲ್‌ನ ಐಮ್ಯಾಕ್ ಫ್ಲಾಪಿಯನ್ನು ಕೈಬಿಟ್ಟಿತ್ತು. 2011ರ ಮಾರ್ಚ್‌ನಲ್ಲಿ ಸೋನಿಯು ಜಪಾನಿನಲ್ಲಿ ಫ್ಲಾಪಿಯ ಮಾರಾಟವನ್ನು ನಿಲ್ಲಿಸಿತು.

ಈ ಇತಿಹಾಸದಿಂದ ವರ್ತಕರು ಕಲಿಯಬೇಕಾದುದಿದೆ. ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನ ಪ್ರಕಾರ, ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡುವುದು ಕಡ್ಡಾಯ. ದಾಖಲೆ ಕಪಾಟಿನಲ್ಲಿದ್ದರೆ ಸಾಲದು, ಕೇಳಿದಾಗ ತೆರೆಯುವಂತಿರಬೇಕು. ಆದುದರಿಂದ ಗಣಕವನ್ನಾಗಲಿ ತಂತ್ರಾಂಶವನ್ನಾಗಲಿ ಬದಲಿಸುವಾಗ, ಹಳೆಯ ಯಂತ್ರವನ್ನು ವಿಲೇವಾರಿ ಮಾಡುವ ಮೊದಲೇ ಕಡತಗಳನ್ನು ಹೊಸದಕ್ಕೆ ವರ್ಗಾಯಿಸಿ, ತೆರೆದು ಪರಿಶೀಲಿಸತಕ್ಕದ್ದು. ಮುಖ್ಯ ಲೆಕ್ಕಗಳ ಪ್ರತಿಯೊಂದನ್ನು ಯಾವ ತಂತ್ರಾಂಶವೂ ಓದಬಲ್ಲ ಸರಳ ರೂಪದಲ್ಲಿ, ಬೇರೊಂದು ಸ್ಥಳದಲ್ಲಿ ಇರಿಸುವುದು ಕ್ಷೇಮ. ವರ್ಷಕ್ಕೊಮ್ಮೆ ದಾಸ್ತಾನು ಎಣಿಸುವ ವರ್ತಕರು ಅದೇ ದಿನ ಹಳೆಯ ಕಡತಗಳನ್ನೂ ತೆರೆದು ನೋಡುವ ಪರಿಪಾಠವಿಟ್ಟುಕೊಂಡರೆ, ತಪಾಸಣೆಯ ಸಂದರ್ಭದಲ್ಲಿ ಪರದಾಡುವ ಪ್ರಸಂಗ ಬಾರದು.